ಮಾಳಿಗೆಯ ಬಿಸಿಲು ಮಾರಿದ ವರ್ಷ

ನಾಲ್ಕು ವರ್ಷದ ಹಿಂದಿನ ಮಾತು. ಶಹಾಬಾದಿನ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ ವರ್ಷ ಅದು. ನಾನು ವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆಗ ಮನೆಯಲ್ಲಿ ನಾವು ಮೂವರೇ. ನಾನು, ಸಿಮೆಂಟ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು, ಮತ್ತು ಎಂಬತ್ತರ ಸಮೀಪಕ್ಕೆ ಬಂದಿದ್ದ ನಮ್ಮ ಅತ್ತೆ ರುಕ್ಮಾಬಾಯಿ. ಆ ವರ್ಷ ನನ್ನ ಸಿಟ್ಟಿನಿಂದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಅದನ್ನು ನೆನೆದಾಗಲೆಲ್ಲ ಅತ್ತೆ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಬಿಸಿಲಿಗೇನು ಬರ? ಏಪ್ರಿಲಿನಲ್ಲಿ ಮಾಳಿಗೆಯ ಫರ್ಸಿ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಕುಣಿದುಕೊಂಡೇ ಕೆಳಗೆ ಬರಬೇಕು. ಅಷ್ಟು ಬಿಸಿಲನ್ನು ಸುಮ್ಮನೆ ಸುರಿದುಕೊಂಡು, ಮೇಲೆ ಫ್ಯಾನಿಗೂ ಕೂಲರಿಗೂ ದುಡ್ಡು ಕಟ್ಟುವುದು ಯಾವ ನ್ಯಾಯ ಎಂದು ನಾನೇ ಹಟ ಹಿಡಿದು ಆರು ಪ್ಯಾನಲ್ ಹಾಕಿಸಿದೆ. ನಾವು ಬಳಸಿ ಉಳಿದ ಕರೆಂಟನ್ನು ಲೈನಿಗೆ ಕೊಟ್ಟರೆ ಅದಕ್ಕೆ ದುಡ್ಡು ಬರುತ್ತದೆ ಎಂದು ಹೇಳಿದಾಗ ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ, ಬಿಸಲಾ ಮಾರ್ತಿಯೇನ? ಅದೇನ್ ನಿಮ್ಮಪ್ಪ ಗಂಟಾಗಿ ಕಟ್ಟಿ ಕೊಟ್ಟಾನೇನು?"

"ನಮ್ಮಪ್ಪ ಕೊಟ್ಟಿಲ್ಲ ಅತ್ಯಾ, ಸೂರ್ಯನಾರಾಯಣ ಕೊಟ್ಟಾನ."

"ಹಂಗಾರ ಆ ದುಡ್ಡಿನಾಗ ಅವಂಗೊಂದು ನೈವೇದ್ಯ ಮಾಡು" ಎಂದು ನಕ್ಕರು. ಅತ್ತೆ ಬೈದರೂ ನಗುತ್ತಲೇ ಬೈಯುತ್ತಿದ್ದರು. ನಾನು ನಕ್ಕರೂ ಬೈದ ಹಾಗೆ ಕೇಳುತ್ತದೆ ಎಂದು ನಮ್ಮ ಮನೆಯವರು ಚಾಷ್ಟಿ ಮಾಡುತ್ತಿರುತ್ತಾರೆ.

ಅತ್ತೆಯ ಮಡಿಯ ಬಗ್ಗೆ ಎರಡು ಮಾತು ಹೇಳಬೇಕು. ಬೆಳಿಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟೇ ಅವರು ಅಡುಗೆಗೆ ಕೈಹಚ್ಚುತ್ತಿದ್ದರು. ಇನ್ನೊಂದು ಸೀರೆಯನ್ನು ಒಗೆದು, ಯಾರೂ ಮುಟ್ಟದ ಕಡೆ ಒಣಹಾಕಬೇಕು. ಸಂಜೆ ಅದನ್ನು ಕೈಯಿಂದ ಮುಟ್ಟದೆ ಕೋಲಿನಿಂದ ಎತ್ತಿ ತಂದು ದೇವರ ಕೋಣೆಯ ಗಳದ ಮೇಲೆ ಹಾಕಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಮಾಳಿಗೆಯ ಮೇಲೆ ಎರಡು ಕಂಬಕ್ಕೆ ಕಟ್ಟಿದ ಒಂದು ಬಿದಿರಿನ ಗಳವೇ ಅವರ ಸೀರೆಯ ಜಾಗವಾಗಿತ್ತು. ಸೀರೆ ಒಣಗುವಾಗ ನಾವ್ಯಾರೂ ಮೇಲೆ ಹೋಗುತ್ತಿರಲಿಲ್ಲ. ಸೋಲಾರಿನವರು ಬಂದು ಆ ಗಳ ಕಿತ್ತು ಹಾಕಿದರು, ನೆರಳು ಬೀಳುತ್ತದೆಂದು. ನಾನು ಹಿತ್ತಲಲ್ಲಿ ಹಗ್ಗ ಕಟ್ಟಿಕೊಟ್ಟೆ. ಅತ್ತೆ ಆ ಹಗ್ಗವನ್ನು ನೋಡಿದರು, ಗೋಡೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಬೆಕ್ಕನ್ನು ನೋಡಿದರು, ಒಳಗೆ ಹೋದರು. ಒಪ್ಪಿಕೊಂಡರು ಎಂದುಕೊಂಡೆ.

ಪ್ಯಾನಲ್ ಬಂದ ದಿನವೇ ನಾನು ಮನೆಗೆ ಬಂದುಹೋಗುವವರಿಗೆಲ್ಲ ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದೆ. ಯಾರೂ ಮಾಳಿಗೆ ಹತ್ತಬೇಡಿ, ಯಾರೂ ಅವನ್ನು ಮುಟ್ಟಬೇಡಿ. ಕೆಲಸದಾಕೆಗೂ ಕಸಬರಿಗೆ ಹಿಡಿದು ಮೇಲೆ ಹೋಗಬೇಡ ಎಂದೆ. ಸಿಮೆಂಟಿನ ಧೂಳು ಕೂರುತ್ತದಲ್ಲ, ಅದನ್ನು ವಾರಕ್ಕೆರಡು ಸಲ ನಸುಕಿನಲ್ಲಿ ನಾನೇ ಹೋಗಿ ತೊಳೆದು ಬರುತ್ತಿದ್ದೆ. ಎಂಟೂವರೆಗೆ ವಾಡಿಗೆ ರೈಲು ಹಿಡಿಯಲು ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು.

ಮೊದಲ ಎರಡು ತಿಂಗಳ ಬಿಲ್ಲು ನೋಡಿ ನನಗೆ ಸಮಾಧಾನವಾಗಲಿಲ್ಲ. ನಾವು ಕೊಟ್ಟ ಕರೆಂಟು ಎಂದು ಬರೆದಿದ್ದ ಅಂಕಿ ತೀರಾ ಚಿಕ್ಕದು. ಅದಕ್ಕೆ ಕೊಡುವ ದರವೋ, ನಾವು ಅವರಿಂದ ಕೊಳ್ಳುವ ದರಕ್ಕಿಂತ ಕಡಿಮೆ. ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಒಂದು ತಕ್ಕಡಿ. ಅದು ಸರ್ಕಾರ ಮಾಡಿದ ದರ, ಹಲ್ಲು ಕಚ್ಚಿ ಸಹಿಸಿಕೊಂಡೆ. ಆದರೆ ಯೂನಿಟ್ಟಿನ ಎಣಿಕೆಯಲ್ಲೂ ಕಡಿಮೆ ಮಾಡಿದರೆ ಬಿಡುವವಳು ನಾನಲ್ಲ.

ನಾನು ಲೆಕ್ಕ ಹಾಕಿದೆ. ಸೋಲಾರಿನ ಇನ್ವರ್ಟರ್ ಎಂಬ ಪೆಟ್ಟಿಗೆ ಮೆಟ್ಟಿಲಿನ ಮೇಲಿನ ಗೋಡೆಗಿದೆ. ದಿನಕ್ಕೆ ಎಷ್ಟು ಕರೆಂಟು ಆಯಿತೆಂದು ಅದರ ಮೇಲೆ ಕಾಣುತ್ತದೆ. ಕತ್ತಲಾದರೆ ಅದರ ಪರದೆಯೂ ಆರಿಹೋಗುತ್ತದೆ. ವಾರದ ದಿನಗಳಲ್ಲಿ ನನಗೆ ಅದು ಕಾಣುವ ಹಾಗೇ ಇರಲಿಲ್ಲ. ಭಾನುವಾರ ಸಂಜೆ ನೋಡುತ್ತಿದ್ದೆ. ಹನ್ನೆರಡು, ಒಮ್ಮೊಮ್ಮೆ ಹದಿಮೂರು ಯೂನಿಟ್. ನಾಲ್ಕು ಭಾನುವಾರ ಬರೆದಿಟ್ಟು, ಸರಾಸರಿ ತೆಗೆದು, ಮೂವತ್ತರಿಂದ ಗುಣಿಸಿ, ನಾವು ಬಳಸಿದ್ದನ್ನು ಕಳೆದೆ. ಬಿಲ್ಲಿನಲ್ಲಿದ್ದದ್ದು ನನ್ನ ಉತ್ತರದ ಅರ್ಧವೂ ಅಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸರಾಸರಿ ಕಲಿಸಿದವಳು ನಾನು. ನನ್ನ ಲೆಕ್ಕ ತಪ್ಪಿರಬಹುದು ಎಂಬ ಅನುಮಾನ ಕನಸಿನಲ್ಲೂ ಬರಲಿಲ್ಲ.

ಮೀಟರ್ ನೋಡಲು ಬರುತ್ತಿದ್ದವನು ಶರಣಪ್ಪ. ಗುತ್ತಿಗೆಯ ಮೇಲೆ ಕೆಲಸ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ವಾಡಿಗೆ ವರ್ಗವಾಗುವ ಮೊದಲು ನಾನು ನಮ್ಮೂರ ಶಾಲೆಯಲ್ಲಿದ್ದಾಗ ಅವನು ನನ್ನ ವಿದ್ಯಾರ್ಥಿ. ಗಣಿತದಲ್ಲಿ ಎರಡು ಸಲ ಫೇಲಾದವನು. ಬಂದಾಗಲೆಲ್ಲ ಅತ್ತೆ ಅವನಿಗೆ ಒಂದು ಚೊಂಬು ನೀರು, ಬೆಲ್ಲದ ಚೂರು ಕೊಟ್ಟು ಕಟ್ಟೆಯ ಮೇಲೆ ಕೂಡಿಸಿ, "ಮಕ್ಕಳು ಆರಾಮ ಅವಲ್ಲ?" ಎಂದು ಕೇಳುತ್ತಿದ್ದರು.

ನಮ್ಮ ಹೊಸ ಮೀಟರಿನ ಪರದೆಯ ಮೇಲೆ ಒಂದಾದ ಮೇಲೊಂದು ಹತ್ತು ಅಂಕಿ ಬಂದುಹೋಗುತ್ತವೆ. ಯಾವುದು ಕೊಟ್ಟ ಕರೆಂಟು, ಯಾವುದು ತಗೊಂಡ ಕರೆಂಟು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅವನನ್ನು ಕೇಳಲು ದೊಡ್ಡಸ್ತಿಕೆ ಬಿಡಲಿಲ್ಲ. ಇವನು ಯಾವುದೋ ಒಂದು ಅಂಕಿಗೆ ಇನ್ನೊಂದು ಬರೆದುಕೊಂಡು ಹೋಗುತ್ತಿದ್ದಾನೆ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ.

ಮೂರನೇ ತಿಂಗಳು ಅವನು ಬಂದ ದಿನ ಶಾಲೆಗೆ ರಜೆಯಿತ್ತು. ಅವನಿನ್ನೂ ಬಿಲ್ಲಿನ ಚೀಟಿ ಹರಿಯುತ್ತಿದ್ದ, ನಾನು ಬಾಗಿಲಿಗೆ ಬಂದೆ.

"ಏನಪಾ ಶರಣಪ್ಪ, ಈ ತಿಂಗಳೂ ಇಷ್ಟೇನಾ?"

"ಮೀಟರ್ನಾಗ ಇಷ್ಟೇ ಅದರಿ ಟೀಚರ್."

"ಸಾಲ್ಯಾಗೂ ನಿಂಗ ಲೆಕ್ಕ ಬರತಿದ್ದಿಲ್ಲ, ಈಗೂ ಬರಂಗಿಲ್ಲ ನೋಡು. ಕೂಡಸೂದು ಯಾವುದು ಕಳಿಯೂದು ಯಾವುದು ತಿಳೀಲಾರದಾಂವನ ಕೈಯಾಗ ಮಷೀನ್ ಕೊಟ್ಟಾರಲ್ಲ, ಅವರಿಗನ್ಬೇಕು!"

ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಅವನ ಮುಖ ಕಪ್ಪಿಟ್ಟಿತು. "ಟೀಚರ್, ನಿಮಗೊಂದು ಮಾತು ಹೇಳೂದಿತ್ತು, ಮ್ಯಾಲ ಮಾಳಿಗಿ..." ಎಂದು ಏನೋ ಶುರು ಮಾಡಿದ. "ನೀ ನಂಗೇನ್ ಹೇಳ್ತಿ? ನಾ ಹೇಳೂದು ಆಫೀಸಿನಾಗ ಹೇಳ್ತೀನಿ, ನಡಿ" ಎಂದು ಬಾಗಿಲು ಹಾಕಿಬಿಟ್ಟೆ. ಒಳಗೆ ಅತ್ತೆ ಬೆಲ್ಲದ ಡಬ್ಬಿ ಹಿಡಿದು ನಿಂತಿದ್ದರು. ಅವರ ಮುಖವೂ ಯಾಕೋ ಸಪ್ಪಗಿತ್ತು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮರುದಿನವೇ ಎರಡು ಪುಟದ ಅರ್ಜಿ ಬರೆದೆ. ಕೋಷ್ಟಕ ಹಾಕಿ, ಸರಾಸರಿ ತೋರಿಸಿ, ಕೊನೆಗೆ ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದೆ. ನಮ್ಮ ಮನೆಯ ಕರೆಂಟಿಗೆ ನ್ಯಾಯವಾದ ದುಡ್ಡು ಸಿಗುತ್ತಿಲ್ಲ, ಮೀಟರ್ ನೋಡುವ ಶರಣಪ್ಪ ತಪ್ಪು ಬರೆಯುತ್ತಿದ್ದಾನೆ, ಕ್ರಮ ಜರುಗಿಸಬೇಕು. ಕರೆಂಟ್ ಆಫೀಸಿನಲ್ಲಿ ಕೊಟ್ಟು, ಸಹಿ ಹಾಕಿಸಿಕೊಂಡು ಬಂದೆ. ನಮ್ಮ ಮನೆಯವರು, "ಅವನ ಹೆಸರು ಯಾಕ ಬರದಿ? ಬರೇ ಚೆಕ್ ಮಾಡ್ರಿ ಅಂತ ಬರೀಬೇಕಿತ್ತು" ಎಂದರು. "ಅತ್ತೂ ಕರದು ಔತಣಾ ಮಾಡೂ ಬುದ್ಧಿ ನಿಮ್ಮದು" ಎಂದು ಏನೇನೋ ಅಂದು ಅವರ ಬಾಯಿ ಮುಚ್ಚಿಸಿದೆ. ಗಾದೆ ಸರಿಯಾಗಿ ನೆನಪಿಗೆ ಬಂದಿರಲಿಲ್ಲ, ಸಿಟ್ಟು ಮಾತ್ರ ಸರಿಯಾಗಿಯೇ ಬಂದಿತ್ತು.

ಹದಿನೈದು ದಿನದ ಮೇಲೆ ಆಫೀಸಿನಿಂದ ಫೋನ್ ಬಂತು, ಇಂಜಿನಿಯರ್ ಬುಧವಾರ ಮಧ್ಯಾಹ್ನ ಬಂದು ಪರೀಕ್ಷೆ ಮಾಡುತ್ತಾರೆಂದು. ಅರ್ಧ ದಿನ ರಜೆ ಹಾಕಿ ಬಂದೆ. ಮನೆಯಲ್ಲಿ ಹೇಳಿರಲಿಲ್ಲ. ನಾನು ಸ್ಟೇಷನ್ನಿನಿಂದ ಬಂದು ಮುಟ್ಟುವುದಕ್ಕೂ ಅವರ ಜೀಪು ಬರುವುದಕ್ಕೂ ಸರಿಹೋಯಿತು. ಇಂಜಿನಿಯರ್ ಜೊತೆ ಶರಣಪ್ಪನೂ ಇದ್ದ. ನನ್ನನ್ನು ನೋಡಿ ನಮಸ್ಕಾರ ಮಾಡಿದ. ನಾನು ತಲೆ ಅಲ್ಲಾಡಿಸಿದೆ, ಅಷ್ಟೇ.

ಇಂಜಿನಿಯರ್ ಮೀಟರ್ ನೋಡಿದರು. ಶರಣಪ್ಪ ಬರೆದ ಅಂಕಿಗಳನ್ನೂ ಪರದೆಯನ್ನೂ ತಾಳೆ ಹಾಕಿದರು. "ಇದೇನ್ ಬರೋಬ್ಬರಿ ಅದರಿ ಮೇಡಂ. ಮ್ಯಾಲ ನೋಡೂಣು ನಡ್ರಿ" ಎಂದರು.

ಆಗ ಅತ್ತೆ ಮೆಟ್ಟಿಲಿಗೆ ಅಡ್ಡ ಬಂದು ನಿಂತರು. "ಮ್ಯಾಲ ಬ್ಯಾಡ್ರಿ ಈಗ. ಮಡಿ ಅದ."

"ಮಡಿ ಹಿತ್ತಲದಾಗ ಅಲ್ಲೇನು ಅತ್ಯಾ?"

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಗೋಡೆಯ ಕಡೆ ಸರಿದರು. ನಾನು ಹಿತ್ತಲಿನ ಬಾಗಿಲಿನಿಂದ ಬಗ್ಗಿ ನೋಡಿದೆ. ಹಗ್ಗ ಖಾಲಿ. ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಹೋದೆ.

ಆರು ಪ್ಯಾನಲ್ಲುಗಳಲ್ಲಿ ಮೂರರ ಮೇಲೆ ಅತ್ತೆಯ ಹದಿನೆಂಟು ಮೊಳದ ಕಾಫಿ ಬಣ್ಣದ ಸೀರೆ ಉದ್ದಕ್ಕೆ ಹಾಸಿತ್ತು. ಗಾಳಿಗೆ ಹಾರಬಾರದೆಂದು ಸೆರಗನ್ನು ಕಬ್ಬಿಣದ ಕಾಲಿಗೆ ಸುತ್ತಿದ್ದರು. ನಾಲ್ಕನೆಯದರ ಮೇಲೆ ಬಿಳಿ ಪಂಚೆ, ಅದರ ಮೇಲೆ ಸಾಲು ಸಾಲಾಗಿ ಸಂಡಿಗೆ. ಆ ಬೇಸಿಗೆಯ ಸಂಡಿಗೆ ಎಂದೂ ಇಲ್ಲದಷ್ಟು ಗರಿಗರಿ ಆಗಿವೆ ಎಂದು ನಾನೇ ಹಿಂದಿನ ವಾರ ಶಾಲೆಯಲ್ಲಿ ಎಲ್ಲರಿಗೂ ಹಂಚಿ ಹೊಗಳಿಸಿಕೊಂಡು ಬಂದಿದ್ದೆ.

ಇಂಜಿನಿಯರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ನಗಬೇಕೋ ಬೈಯಬೇಕೋ ಅವರಿಗೂ ತಿಳಿಯಲಿಲ್ಲ. "ಮೇಡಂ, ಇವು ಆರೂ ಒಂದೇ ಬಂಡಿಗಿ ಕಟ್ಟಿದ ಎತ್ತಿದ್ದಂಗ. ಒಂದರ ಮ್ಯಾಲ ನೆರಳ ಬಿದ್ರ ಉಳಿದವೂ ಜಗ್ಗಂಗಿಲ್ಲ" ಎಂದರು. "ತಗೀರಿ ಇದನ್ನ, ನೋಡೂಣು."

ತೆಗೆಯುವವರು ಯಾರು? ನಾನು ರೈಲಿನಲ್ಲಿ ಬಂದವಳು, ಮುಟ್ಟುವ ಹಾಗಿಲ್ಲ. ಅವರಿಬ್ಬರೂ ಮುಟ್ಟುವ ಹಾಗಿಲ್ಲ. ನಾವು ಮೂವರೂ ಬಿಸಿಲಲ್ಲಿ ಬೆವರು ಸುರಿಸುತ್ತ, ಎಂಬತ್ತರ ಮುದುಕಿ ಕೋಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುವುದನ್ನು ಕಾಯುತ್ತ ನಿಂತೆವು. ಅತ್ತೆ ಬಂದರು. ಯಾರ ಮುಖವನ್ನೂ ನೋಡದೆ ಕೋಲಿನ ತುದಿಯಿಂದಲೇ ಸೆರಗು ಬಿಡಿಸಿ, ಸೀರೆಯನ್ನು ಎತ್ತಿದರು, ಸಂಡಿಗೆಯ ಪಂಚೆಯನ್ನೂ ಪಕ್ಕಕ್ಕೆ ಸರಿಸಿದರು. ಆ ಹೊತ್ತಿಗೆ ಎಷ್ಟು ಕರೆಂಟು ಆಗುತ್ತಿದೆಯೆಂದು ಇನ್ವರ್ಟರ್ ತೋರಿಸುವ ಅಂಕಿ ನಮ್ಮ ಕಣ್ಣೆದುರಿಗೇ ಏರಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು.

"ಅತ್ಯಾ, ಇದೇನ್ ಮಾಡಿಟ್ರಿ?" ಎಂದು ನಾನು ಅಳುವ ದನಿಯಲ್ಲಿ ಕೇಳಿದೆ.

"ನೀನೇ ಅಂದಿದ್ದೆಲ್ಲಾ, ಇವನ್ನ ಯಾರೂ ಮುಟ್ಟಬಾರದು ಅಂತ? ಯಾರೂ ಮುಟ್ಟಲಾರದ ಜಾಗಾ ಈ ಮನ್ಯಾಗ ಇನ್ನೊಂದು ಎಲ್ಲದ ಹೇಳು. ಹಿತ್ತಲದಾಗ ಆ ಬೆಕ್ಕು ಬಂದು ಸೀರಿ ಮ್ಯಾಲೇ ಮಲಗ್ತದ" ಎಂದರು ಅತ್ತೆ. ಆಮೇಲೆ ಸಣ್ಣ ದನಿಯಲ್ಲಿ, "ಐತವಾರ ಮಾತ್ರ ಹಿತ್ತಲದಾಗೇ ಹಾಕ್ತಿದ್ದೆ. ನೀ ಮನ್ಯಾಗ ಇರ್ತಿದ್ದೆಲ್ಲ, ಬೈತಿ ಅಂತ" ಎಂದರು.

ನನ್ನ ನಾಲ್ಕು ಭಾನುವಾರ, ನನ್ನ ಸರಾಸರಿ, ನನ್ನ ಕೆಂಪು ಗೆರೆ! ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಇಂಜಿನಿಯರ್ ನಗಲಿಲ್ಲ.

"ಇದು ನಗೂ ಮಾತಲ್ರಿ ಮೇಡಂ. ನಿಮ್ಮ ಅರ್ಜಿ ಬಂದ ದಿನಾನೇ ಗುತ್ತಿಗೆದಾರ ಈ ಹುಡುಗನ್ನ ಕೆಲಸದಿಂದ ನಿಂದರಿಸ್ಯಾನ. ಹದಿನೈದು ದಿನಾತು, ಮನ್ಯಾಗ ಕುಂತಾನ. ಇದೇ ವಾರ ಹೊಸಾ ಮನಿಶ್ಯಾನ್ನ ತಗೋತೀನಿ ಅನ್ನಾಕತ್ತಾನ."

ನಾನು ಶರಣಪ್ಪನ ಕಡೆ ತಿರುಗಿದೆ. ಅವನು ಪ್ಯಾರಾಪೆಟ್ ಹಿಡಿದುಕೊಂಡು ಕೆಳಗಿನ ಗಲ್ಲಿಯನ್ನು ನೋಡುತ್ತಿದ್ದ.

"ನಿಂಗ ಗೊತ್ತಿತ್ತೇನಪಾ ಇದು?"

"ಹಿಂದಿನ ಗಲ್ಲ್ಯಾಗಿಂದ ಕಾಣತಾದ್ರಿ ಟೀಚರ್. ಅವತ್ತ ಹೇಳಾಕ್ ಬಂದಿದ್ದೆ. ನೀವು ಬಾಗಲಾ ಹಾಕಿದ್ರಿ."

"ಆಫೀಸಿನಾಗಾರ ಹೇಳಬೇಕಿಲ್ಲೋ!"

"ಏನಂತ ಹೇಳ್ಲಿರಿ? ಆಯಿಯವರ ಮಡಿ ಸೀರಿ ಮಾತು ಫೈಲಿನಾಗ ಬರಸ್ಲೇನ್ರಿ? ಎಲ್ಲಾರೂ ನಗತಿದ್ರು. ವಯಸ್ಸಾದ ಜೀವ ಅದ."

ಮುಖಕ್ಕೆ ಯಾರೋ ಬಾರಿಸಿದ ಹಾಗಾಯಿತು. ನನ್ನ ಮನೆಯ ಮರ್ಯಾದೆ ಉಳಿಸಲು ಅವನು ತನ್ನ ಅನ್ನ ಬಿಟ್ಟು ಕೂತಿದ್ದ. ನಾನು ಮೂರು ತಿಂಗಳ ಯೂನಿಟ್ಟಿಗೆ ನ್ಯಾಯ ಕೇಳುತ್ತ ಅವನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಕಳೆದಿದ್ದೆ.

ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಬರೀ ವಾಪಸು ತೆಗೆದುಕೊಂಡರೆ ಗುತ್ತಿಗೆದಾರ ಕೇಳುವುದಿಲ್ಲ, ತಪ್ಪು ಶರಣಪ್ಪನದಲ್ಲ ಎಂದು ಕಾರಣ ಸಮೇತ ಬರೆದುಕೊಡಬೇಕು, ನಾಳೆ ಗುತ್ತಿಗೆದಾರನೂ ಆಫೀಸಿಗೆ ಬರುತ್ತಾನೆ, ಅವನೆದುರಿಗೇ ಕೊಡಿ ಎಂದರು ಇಂಜಿನಿಯರ್.

ರಾತ್ರಿ ಬರೆಯಲು ಕೂತೆ. 'ತಾಂತ್ರಿಕ ಕಾರಣಗಳಿಂದ' ಎಂದು ಬರೆದೆ. ಅತ್ತೆ ಹತ್ತಿರ ಬಂದು, "ಏನ್ ಬರದಿ ಓದು" ಎಂದರು. ಓದಿದೆ.

"ತಾಂತ್ರಿಕ ಅಂದ್ರೇನು?"

"ಮಷಿನಿಂದು ಏನೋ ತಪ್ಪಾಗಿತ್ತು ಅಂತ."

"ಮಷಿನ್ನೇನ್ ತಪ್ಪು ಮಾಡ್ತು? ಸುಳ್ಳ ಬರಿಬ್ಯಾಡ. ನಾಳೆ ನಾನೂ ಬರ್ತೀನಿ."

ಅತ್ತೆ ಮನೆಯಿಂದ ಹೊರಬೀಳುತ್ತಿದ್ದದ್ದು ವರ್ಷಕ್ಕೊಮ್ಮೆ ಮಳಖೇಡದ ಮಠಕ್ಕೆ, ಅದೂ ಕಾರು ಮಾಡಿಕೊಂಡು. ಹೊರಗೆ ಹೋದರೆ ಮತ್ತೆ ತಲೆಯ ಮೇಲೆ ಸ್ನಾನ ಮಾಡುವವರೆಗೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಅಂಥವರು ಮರುದಿನ ಬಿಸಿಲಲ್ಲಿ ಆಟೋ ಹತ್ತಿ ನನ್ನ ಜೊತೆ ಕರೆಂಟ್ ಆಫೀಸಿಗೆ ಬಂದರು. ಬಿಲ್ ಕಟ್ಟುವವರ ಸಾಲು ಬಾಗಿಲ ತನಕ ಇತ್ತು. ಯಾರೋ ಎದ್ದು, "ಕುಂದ್ರಿ ಅಮ್ಮಾರೆ" ಎಂದು ಕುರ್ಚಿ ಬಿಟ್ಟರು. ಅತ್ತೆ ಕೂರಲಿಲ್ಲ. ಮೇಜಿನ ಹಿಂದೆ ಇಂಜಿನಿಯರ್, ಪಕ್ಕದಲ್ಲಿ ಗುತ್ತಿಗೆದಾರ, ಗೋಡೆಗೆ ಒರಗಿ ಶರಣಪ್ಪ ಇದ್ದರು.

"ಇವರಾಗ ಕೆಲಸಾ ಬಿಡಿಸಿದಾಂವ ಯಾರು?" ಎಂದು ಅತ್ತೆ ಕೇಳಿದರು.

ಗುತ್ತಿಗೆದಾರ ಎದ್ದು ನಿಂತ. "ನಾನ್ರಿ ಅಮ್ಮಾ."

"ನೋಡಪಾ. ತಪ್ಪು ಈ ಹುಡುಗಂದಲ್ಲ, ನನ್ನ ಸೊಸಿದೂ ಅಲ್ಲ. ನಂದು. ನನ್ನ ಮಡಿ ಸೀರಿ ಆ ಕರಿ ಹಲಗಿ ಮ್ಯಾಲ ಒಣಹಾಕ್ತಿದ್ದೆ. ಅದು ಬಿದ್ದದ್ದು ಹಲಗಿ ಮ್ಯಾಲ ಅಲ್ಲ, ಈ ಮಗನ ಹೊಟ್ಟಿ ಮ್ಯಾಲ. ಬರಕೋ. ರುಕ್ಮಾಬಾಯಿ ಸೀರಿ ಅಂತ ಚಂದಾಗಿ ಬರಕೋ. ನಗವರು ನಗಲಿ. ಈ ವಯಸ್ಸಿನಾಗ ನಂಗೇನ್ ನಾಚಿಕಿ?"

ಯಾರೂ ನಗಲಿಲ್ಲ. ನಾನು ಅತ್ತೆಯ ಮಾತನ್ನು ಅವರು ಹೇಳಿದ ಹಾಗೆಯೇ ಬರೆದೆ, ಕೆಳಗೆ ನನ್ನ ತಪ್ಪನ್ನೂ ಬರೆದೆ. ಭಾನುವಾರದ ಲೆಕ್ಕವನ್ನು ಇಡೀ ವಾರಕ್ಕೆ ಹಚ್ಚಿದ್ದು, ಮೀಟರ್ ಓದಲು ಬರದೆ ಓದುವವನ ಮೇಲೆ ಆರೋಪ ಹೊರಿಸಿದ್ದು, ಎಲ್ಲವನ್ನೂ. ಅತ್ತೆ ಕೆಳಗೆ ತಮ್ಮ ಹೆಸರು ಬರೆದರು. ಗುತ್ತಿಗೆದಾರ ಅದನ್ನು ಎರಡು ಸಲ ಓದಿ, "ನಾಳಿಗಿ ಕೆಲಸಕ್ಕ ಬಾರಪಾ" ಎಂದು ಶರಣಪ್ಪನಿಗೆ ಹೇಳಿದ. ಹದಿನೈದು ದಿನದ ಪಗಾರ ನಾನು ಕೊಡುತ್ತೇನೆಂದು ಕವರು ಚಾಚಿದೆ. ಶರಣಪ್ಪ ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ್ರಿ ಟೀಚರ್. ಕೆಲಸಾ ಮಾಡಲಾರದ ದಿನದ್ದು ಹ್ಯಾಂಗ್ ತಗೊಳ್ಳಿ?" ಎಂದ. ಕೊನೆಗೆ ಅತ್ತೆ ಆ ಕವರು ಕಸಿದುಕೊಂಡು, "ನಿನ್ನ ಮಕ್ಕಳಿಗೆ ಅಜ್ಜಿ ಕೊಟ್ಟಾಳ ಅಂತ ತಗೋ" ಎಂದು ಅವನ ಅಂಗಿಯ ಜೇಬಿನಲ್ಲಿಟ್ಟರು. ಮಡಿ ಮೈಲಿಗೆ ಎಂದು ಯಾರನ್ನೂ ಮುಟ್ಟದ ಅತ್ತೆ ಆ ದಿನ ಅವನ ಎದೆಯ ಮೇಲೆ ಒಂದು ಗಳಿಗೆ ಕೈಯಿಟ್ಟಿದ್ದನ್ನು ನಾನು ನೋಡಿದೆ.

ಮುಂದಿನ ಭಾನುವಾರ ಶರಣಪ್ಪನೇ ಬಂದು ಮಾಳಿಗೆಯ ಉತ್ತರದ ಮೂಲೆಯಲ್ಲಿ, ಪ್ಯಾನಲ್ಲಿನ ಮೇಲೆ ನೆರಳು ಬೀಳದ ಹಾಗೆ, ಹೊಸ ಗಳ ನಿಲ್ಲಿಸಿಕೊಟ್ಟ. ನಮಗೆ ಬರಬೇಕಾದ ಯೂನಿಟ್ಟು ಪೂರ್ತಿ ಬರತೊಡಗಿದವು. ದರದ ಜಗಳ ಮಾತ್ರ ನಾನು ಇನ್ನೂ ಬಿಟ್ಟಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಷ್ಟು ಅಂತರ ಯಾಕೆಂದು ವರ್ಷಕ್ಕೊಂದು ಪತ್ರ ಬರೆಯುತ್ತೇನೆ. ಅದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ.

ಅತ್ತೆ ಹೋಗಿ ಎರಡು ವರ್ಷವಾಯಿತು. ಈಗ ನಸುಕಿನಲ್ಲಿ ಪ್ಯಾನಲ್ ತೊಳೆಯಲು ಹೋದಾಗ ಮಾಳಿಗೆ ಭಾಳ ದೊಡ್ಡದೆನಿಸುತ್ತದೆ. ಬೈಯಿಸಿಕೊಳ್ಳುವುದನ್ನು ತಪ್ಪಿಸಿಕೊಳ್ಳಲು ಸೊಸೆಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಆ ಜೀವ ಇದ್ದಿದ್ದರೆ, ಆರೂ ಪ್ಯಾನಲ್ಲಿನ ಮೇಲೆ ಸಂಡಿಗೆ ಹಾಕಿಕೊಳ್ಳಿ ಎನ್ನುತ್ತಿದ್ದೆ.

ಶರಣಪ್ಪ ಈಗಲೂ ತಿಂಗಳಿಗೊಮ್ಮೆ ಬರುತ್ತಾನೆ. ನೀರು ಕೊಟ್ಟರೆ ಕುಡಿಯುತ್ತಾನೆ, ಮಕ್ಕಳ ಸುದ್ದಿ ಹೇಳುತ್ತಾನೆ, ನಗುತ್ತಾನೆ. ಆದರೆ ಬಿಲ್ಲು ಹರಿಯುವ ಮೊದಲು ಮೀಟರಿನ ಫೋಟೋ ತೆಗೆದು, ಮೊಬೈಲನ್ನು ನನ್ನ ಕಡೆ ಹಿಡಿಯುತ್ತಾನೆ. ಬೇರೆ ಯಾರ ಮನೆಯಲ್ಲೂ ಅವನು ಹಾಗೆ ಮಾಡುವುದಿಲ್ಲ ಎಂದು ಎದುರು ಮನೆಯವರು ಹೇಳಿದರು. ಮೊನ್ನೆ ನಾನು ತಡೆಯಲಾರದೆ, "ಫೋಟೋ ಬ್ಯಾಡಪಾ ಶರಣಪ್ಪ, ನಾ ಏನ್ ಕೇಳಿಲ್ಲಲ್ಲ" ಎಂದೆ.

"ಇರ್ಲಿರಿ ಟೀಚರ್, ರೂಢಿ ಆಗ್ಯಾದ" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಕನ್ನಡಕ ಹಾಕಿಕೊಂಡು, ಅವನು ತೋರಿಸಿದ ಅಂಕಿಯನ್ನು ನೋಡಿ, ಸರಿ ಇದೆ ಎಂದೆ.